ತವರು ದೂರ, ಮನೆ ಬಾಡಿಗೆ: ತುಮಕೂರಿನಲ್ಲಿ ಕೂಸಿಗೊಂದು ಕೋಣೆ

ನಮ್ಮಲ್ಲಿ ಬಾಣಂತಿ ಕೋಣೆ ಅನ್ನುವ ಮಾತಿದೆ, ಕೂಸಿನ ಕೋಣೆ ಅನ್ನುವ ಮಾತಿಲ್ಲ. ಇಲ್ಲದಿರುವುದೇ ಸರಿ. ಮೊದಲ ಆರು ತಿಂಗಳಾದರೂ ಮಗು ಅಮ್ಮನ ಕೋಣೆಯಲ್ಲೇ, ಅಮ್ಮನ ಮಂಚಕ್ಕೆ ಹತ್ತಿರದಲ್ಲೇ, ಆದರೆ ತನ್ನದೇ ಹಾಸಿಗೆಯ ಮೇಲೆ ಮಲಗಬೇಕು. ಹಾಗಾಗಿ ಜಾಹೀರಾತಿನಲ್ಲಿ ಕಾಣುವ ಮೋಡ, ನಕ್ಷತ್ರ ಅಂಟಿಸಿದ ಪ್ರತ್ಯೇಕ ಕೋಣೆಯ ಆಸೆಯನ್ನು ಸದ್ಯಕ್ಕೆ ಬಿಡಿ. ಬೇಕಾದದ್ದು ಹತ್ತಡಿ ಹತ್ತಡಿಯ ಮಲಗುವ ಕೋಣೆಯಲ್ಲಿ ಸರಿಯಾಗಿ ಜೋಡಿಸಿದ ಒಂದು ಮೂಲೆ.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕಿ ರಾಯಚೂರು, ಕಲಬುರಗಿ, ಹಾವೇರಿ ಕಡೆಯಿಂದ ಬಂದವರು ತುಮಕೂರಿನ ಬಾಡಿಗೆ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ಸೀಮಂತ ಮುಗಿಸಿ ತವರಿಗೆ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ತೋರಿಸುತ್ತಿರುವ ಡಾಕ್ಟರು ಇಲ್ಲೇ ಇರುತ್ತಾರೆ, ಗಂಡನಿಗೆ ರಜೆ ಸಿಗುವುದಿಲ್ಲ, ಊರಲ್ಲಿ ಅಮ್ಮನಿಗೇ ಮಂಡಿನೋವು. ಅಂಥ ಮನೆಯಲ್ಲಿ ಅಜ್ಜಿಯೊಬ್ಬರು ಮಾಡುತ್ತಿದ್ದ ಕೆಲಸದಲ್ಲಿ ಅರ್ಧವನ್ನು ಕೋಣೆಯೇ ಮಾಡಬೇಕಾಗುತ್ತದೆ. ರಾತ್ರಿ ಎರಡಕ್ಕೆ ಲಂಗೋಟಿ ಎತ್ತಿಕೊಡಲು, ದೀಪ ಹಾಕಲು, "ಮಗುವಿನ ಕಾಲು ತಣ್ಣಗಿದೆ ನೋಡೇ" ಎನ್ನಲು ಇನ್ನೊಬ್ಬರಿಲ್ಲ. ಆದ್ದರಿಂದ ಕೆಳಗೆ ಬರೆದಿರುವುದರಲ್ಲಿ ಅಂದಕ್ಕಿಂತ ಅಳತೆ ಹೆಚ್ಚು.

ಯಾವಾಗ ಶುರು ಮಾಡಬೇಕು

ಬಣ್ಣ, ಗೋಡೆ, ಮರದ ಕೆಲಸಗಳೆಲ್ಲ ಏಳನೇ ತಿಂಗಳೊಳಗೆ ಮುಗಿಯಲಿ. ಬಟ್ಟೆ, ಹಾಸಿಗೆ, ಸೊಳ್ಳೆಪರದೆ ಎಂಟನೇ ತಿಂಗಳಲ್ಲಿ. 36 ವಾರ ತುಂಬುವ ಹೊತ್ತಿಗೆ ಏನೂ ಬಾಕಿ ಇರಬಾರದು, ಏಕೆಂದರೆ 37ನೇ ವಾರದಿಂದ ಹೆರಿಗೆ ಯಾವತ್ತು ಬೇಕಾದರೂ ಆಗಬಹುದು. ತಿಂಗಳು ಎಣಿಸುವಾಗ ಮಳೆಯನ್ನೂ ಎಣಿಸಿ. ತುಮಕೂರಿಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಬಳಿದ ಬಣ್ಣ ಬೇಗ ಒಣಗುವುದಿಲ್ಲ, ಹೊಲಿಸಿದ ಹಾಸಿಗೆಗೆ ಬಿಸಿಲು ಸಿಗುವುದಿಲ್ಲ. ನವೆಂಬರ್‌ನಲ್ಲಿ ಹೆರಿಗೆ ಇದ್ದರೆ ಬಣ್ಣದ ಕೆಲಸವನ್ನು ಜೂನ್‌, ಜುಲೈನಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಹುಟ್ಟುವ ಮೊದಲೇ ತೊಟ್ಟಿಲು ತರಬಾರದು, ಖಾಲಿ ತೊಟ್ಟಿಲು ತೂಗಬಾರದು ಎಂದು ಹಿರಿಯರು ಫೋನಿನಲ್ಲೇ ತಡೆಯುತ್ತಾರೆ. ಅವರೊಂದಿಗೆ ವಾದಕ್ಕೆ ಇಳಿಯಬೇಕಾಗಿಲ್ಲ. ಮಗುವಿನ ಮಂಚವನ್ನು ಬಿಚ್ಚಿ ಜೋಡಿಸುವಂತೆ ಮಾಡಿಸಿ, ಬಿಚ್ಚಿದ ಭಾಗಗಳನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ನಿಮ್ಮ ಮಂಚದಡಿ ಇಟ್ಟರೆ ಆಯಿತು. ಆಸ್ಪತ್ರೆಯಿಂದ ಫೋನು ಬಂದ ಮೇಲೆ ಎಂಟು ಬೋಲ್ಟು ಬಿಗಿಯಲು ಅರ್ಧ ಗಂಟೆ ಸಾಕು.

ಗೋಡೆ, ಕಿಟಕಿ, ಬಣ್ಣ

ಮೂಲೆ ಆರಿಸುವಾಗ ಮೊದಲು ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಬಚ್ಚಲಿಗೆ ಅಂಟಿಕೊಂಡ ಗೋಡೆಯ ಕೆಳಭಾಗ ತಣ್ಣಗೆ, ಪುಡಿಪುಡಿಯಾಗಿದ್ದರೆ ಅಲ್ಲಿ ತೇವ ಏರುತ್ತಿದೆ, ಮಳೆಗಾಲದಲ್ಲಿ ಬೂಷ್ಟು ಬಂದೇ ಬರುತ್ತದೆ. ಅದರ ಮೇಲೆ ಬಣ್ಣ ಹೊಡೆದರೆ ಮೂರು ತಿಂಗಳು ಮುಚ್ಚಿರುತ್ತದೆ, ಅಷ್ಟೆ. ಆ ಗೋಡೆಯನ್ನು ಬೀರುವಿಗೆ ಬಿಟ್ಟು ಮಗುವನ್ನು ಎದುರು ಗೋಡೆಗೆ ತನ್ನಿ. ಬೀರುವಿಗೂ ಗೋಡೆಗೂ ನಾಲ್ಕು ಬೆರಳು ಸಂದು ಇರಲಿ. ಪಾತ್ರೆ, ಸೂಟ್‌ಕೇಸು ಪೇರಿಸಿದ ಅಟ್ಟದ ಕೆಳಗೆ, ಪರದೆಯ ಹಗ್ಗ ತೂಗುವ ಕಿಟಕಿಯ ಕೆಳಗೆ, ಸ್ವಿಚ್‌ಬೋರ್ಡಿನ ಪಕ್ಕ ಮಂಚ ಇಡಬೇಡಿ.

ಹಳೆ ಮನೆಯಾದರೆ ಗೋಡೆ ಉಜ್ಜುವ ಕೆಲಸದ ಹತ್ತಿರ ಬಸುರಿ ಸುಳಿಯಲೇಬಾರದು. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಆ ಧೂಳು ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತದೆ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಡಬ್ಬಿಯ ಮೇಲೆ ಅದನ್ನು ಮುದ್ರಿಸಿರುತ್ತಾರೆ, ಓದಿ ಕೊಳ್ಳಿ. ಅಂಗಡಿಯ ಮೂಲೆಯಲ್ಲಿ ಉಳಿದ ಹಳೆ ಎನಾಮೆಲ್ ಡಬ್ಬಿ ಅಗ್ಗಕ್ಕೆ ಸಿಕ್ಕರೂ ಬೇಡ. ಹಳೆ ಬಣ್ಣ ಏಳದೆ ಗಟ್ಟಿಯಾಗಿ ಕೂತಿದ್ದರೆ ಉಜ್ಜದೆ ಅದರ ಮೇಲೇ ಹೊಡೆಸುವುದು ಒಳ್ಳೆಯದು. ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಗೋಡೆಗೆ ಎರಡು ಕೋಟ್ ಹೊಡೆಯಲು ಸುಮಾರು ಎರಡು ಲೀಟರ್ ನೀರಿನ ಎಮಲ್ಷನ್ ಹಿಡಿಯುತ್ತದೆ. ವಾಸನೆ ಪೂರ್ತಿ ಹೋಗಲು ಕಿಟಕಿ ತೆರೆದಿಟ್ಟು ಮೂರ್ನಾಲ್ಕು ವಾರ ಬಿಡಿ. ಮಾಲೀಕರು ಬಣ್ಣ ಬೇಡ ಅಂದರೆ ಸುಣ್ಣವೇ ಸಾಕು, ಅದು ಗೋಡೆಯ ತೇವ ಆರಲೂ ಬಿಡುತ್ತದೆ.

ಬಣ್ಣ ಯಾವುದು? ಬಿಳಿ, ಇಲ್ಲವೆ ಬಿಳಿಗೆ ಹತ್ತಿರದ್ದು. ಹೆಣ್ಣೋ ಗಂಡೋ ತಿಳಿಯದೆ ತಿಳಿಹಳದಿ ಬಳಿಯುವವರೇ ಹೆಚ್ಚು. ಅದೊಂದನ್ನು ಮಾತ್ರ ಮಾಡಬೇಡಿ. ಹುಟ್ಟಿದ ಎರಡು ಮೂರನೇ ದಿನಕ್ಕೆ ಅನೇಕ ಕೂಸುಗಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಮೂಗಿನ ತುದಿ, ಎದೆಯ ಚರ್ಮವನ್ನು ಬೆರಳಿನಿಂದ ಮೃದುವಾಗಿ ಒತ್ತಿ ಬಿಟ್ಟು ಆ ಜಾಗ ಹಳದಿಯೋ ಎಂದು ಹಗಲಿನ ಬೆಳಕಿನಲ್ಲಿ ದಿನವೂ ನೋಡಬೇಕು. ಹಳದಿ ಗೋಡೆ, ಹಳದಿ ಪರದೆ, ಹಳದಿ ಬಲ್ಬು ಮೂರೂ ಕಣ್ಣಿಗೆ ಮೋಸ ಮಾಡುತ್ತವೆ. ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡುವ ಹಳೆಯ ಬಾಣಂತಿ ಕೋಣೆಯಲ್ಲೂ ಇದೇ ತೊಂದರೆ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿಗೆ ಹಳದಿ ಇಳಿದಿದ್ದರೆ ಬಿಸಿಲಿಗೆ ಹಿಡಿದು ಕಾಯುತ್ತ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಂಚ

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಅಂಗಡಿಯದ್ದಕ್ಕಿಂತ ಬಡಗಿಯ ಕೈಯಲ್ಲಿ ಮಾಡಿಸಿದ್ದು ಗಟ್ಟಿ, ಆದರೆ ಬಡಗಿಗೆ ಅಳತೆಯ ಕಾರಣ ಗೊತ್ತಿರುವುದಿಲ್ಲ. ಕಾರಣ ಹೇಳದಿದ್ದರೆ "ಒಂದೆರಡು ರೀಪು ಕಡಿಮೆ ಹಾಕಿದರೆ ಏನಾಯ್ತು ಸಾರ್" ಎಂದು ತಮ್ಮ ಲೆಕ್ಕದಲ್ಲಿ ಮಾಡಿಬಿಡುತ್ತಾರೆ.

ಮರ ಹಲಸಿನದಾದರೆ ಉತ್ತಮ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿಗೆ ಹೆಸರಿರುವ ಜಿಲ್ಲೆ ಇದು, ಸಾಮಿಲ್ಲಿನಲ್ಲಿ ಕೇಳಿದರೆ ಹಲಸಿನ ಹಲಗೆ ಸಿಗುತ್ತದೆ. ಸಿಲ್ವರ್ ಓಕ್ ಅಗ್ಗ, ಅದೂ ಆಗುತ್ತದೆ. ಹಸಿ ಮರ ಮಾತ್ರ ಬೇಡ: ಆರು ತಿಂಗಳಲ್ಲಿ ಅದು ಕುಗ್ಗಿ ಕೂಡುಗಳು ಸಡಿಲವಾಗಿ, ರೀಪುಗಳು ತಮ್ಮ ತೂತಿನಲ್ಲೇ ತಿರುಗಲು ಶುರುವಾಗುತ್ತವೆ. ಒಂದೇ ಜಾತಿಯ ಮರದ, ಒಂದೇ ಅಳತೆಯ ಎರಡು ತುಂಡು ಎತ್ತಿ ನೋಡಿ, ಹಗುರವಾದದ್ದು ಹೆಚ್ಚು ಒಣಗಿದೆ. ಪುಡಿ ಒತ್ತಿ ಮಾಡಿದ ಹಲಗೆಯಲ್ಲಿ ಅಂಟಿನ ಘಾಟು ತಿಂಗಳುಗಟ್ಟಲೆ ಬರುತ್ತದೆ, ಅದು ಮಗುವಿನ ಮೂಗಿನ ಹತ್ತಿರ ಬೇಡ.

ಒಳ ಅಳತೆ ನಾಲ್ಕಡಿ ಉದ್ದ, ಎರಡಡಿ ಅಗಲ. ಮೂಲೆಗಳಿಗೆ ಎರಡಿಂಚು ಚದರದ ನಾಲ್ಕು ಕಾಲು, ಒಂದೊಂದು 95 ಸೆಂ.ಮೀ. ಎತ್ತರ. ಮೇಲೆ ಕೆಳಗೆ ಸೇರಿ ಎರಡಿಂಚು ಅಗಲ, ಒಂದಿಂಚು ದಪ್ಪದ ಅಡ್ಡಪಟ್ಟಿ ಎಂಟು: ಉದ್ದದ್ದು ನಾಲ್ಕು, ಗಿಡ್ಡದ್ದು ನಾಲ್ಕು. ನಿಲ್ಲಿಸುವ ರೀಪು ಒಂದಿಂಚು ಅಗಲ, ಮುಕ್ಕಾಲು ಇಂಚು ದಪ್ಪ, 70 ಸೆಂ.ಮೀ. ಉದ್ದ. ಉದ್ದದ ಬದಿ ಒಂದೊಂದಕ್ಕೂ 15, ಗಿಡ್ಡ ಬದಿ ಒಂದೊಂದಕ್ಕೂ 7, ಒಟ್ಟು 44. ಅಂದರೆ ರೀಪೇ ನೂರಡಿ ಮೇಲೆ ಬೇಕು. ಒಡೆಯುವುದು, ಗಂಟು ಬರುವುದು ಇದ್ದೇ ಇರುತ್ತದೆ, ಹತ್ತಡಿ ಹೆಚ್ಚಿಗೆ ತನ್ನಿ.

ಎರಡು ರೀಪುಗಳ ನಡುವಿನ ಸಂದು 6 ಸೆಂ.ಮೀ. ಮೀರಬಾರದು. ಮೀರಿದರೆ ಮಗುವಿನ ಮೈ ಹೊರಗೆ ಜಾರಿ ತಲೆ ಒಳಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಲೆಕ್ಕದಲ್ಲಿ ಸಂದು ಸುಮಾರು 5.3 ಸೆಂ.ಮೀ. ಬರುತ್ತದೆ. ಉದ್ದದ ಬದಿಗೆ 14 ಹಾಕಿದರೂ ನಡೆಯುತ್ತದೆ, 13ಕ್ಕೆ ಇಳಿದರೆ ಆರು ದಾಟಿತು. ಸರಿಯಾಗಿ 6 ಸೆಂ.ಮೀ. ಅಗಲದ ಮರದ ತುಂಡೊಂದನ್ನು ಕುಯ್ಯಿಸಿ ಬಡಗಿಗೆ ಕೊಡಿ. ಅದು ಯಾವ ಸಂದಿನಲ್ಲೂ ತೂರಬಾರದು ಎಂದು ಹೇಳಿ, ಟೇಪಿಗಿಂತ ಇದು ಬೇಗ ಅರ್ಥವಾಗುತ್ತದೆ. ರೀಪುಗಳನ್ನು ಪಟ್ಟಿಗೆ ಮೊಳೆ ಹೊಡೆದು ನಿಲ್ಲಿಸಕೂಡದು. ಪಟ್ಟಿಯಲ್ಲಿ ಗುಳಿ ಕೊರೆದು, ಫೆವಿಕಾಲ್ ಹಚ್ಚಿ ಕೂರಿಸಬೇಕು. ಮೊಳೆ ಒಂದು ವರ್ಷ ಹಿಡಿದೀತು, ಮಗು ಎದ್ದು ನಿಂತು ಅಲ್ಲಾಡಿಸುವುದು ಅದೇ ಹೊತ್ತಿಗೆ.

ಗಿಡ್ಡ ಬದಿಗಳೆರಡನ್ನೂ ಕಾಲುಗಳ ಜೊತೆ ಶಾಶ್ವತವಾಗಿ ಕೂಡಿಸಿ. ಉದ್ದದ ಬದಿಗಳನ್ನು ಮಂಚಕ್ಕೆ ಹಾಕುವ 8 ಮಿ.ಮೀ. ಬೋಲ್ಟು, ನಟ್ಟಿನಿಂದ ಹಿಡಿಸಿ, ಪಟ್ಟಿಯ ತುದಿಗೊಂದರಂತೆ ಎಂಟು. ಬಾಡಿಗೆ ಮನೆ ಬದಲಿಸುವಾಗ ಬಾಗಿಲಲ್ಲಿ ಹಿಡಿಸದ ಮಂಚ ಅರ್ಧ ಬೆಲೆಗೆ ಹೋಗುತ್ತದೆ, ಬೋಲ್ಟು ಇದ್ದರೆ ಆ ಚಿಂತೆ ಇಲ್ಲ. ಬೋಲ್ಟಿನ ತಲೆ ಮರದೊಳಗೆ ಹೂತಿರಲಿ. ಕಾಲಿನ ತಲೆ ಮೇಲಿನ ಪಟ್ಟಿಗಿಂತ ಎದ್ದಿರಬಾರದು. ಅಂದಕ್ಕೆಂದು ಬಡಗಿ ಗುಂಡು, ಕಳಶ ಕೆತ್ತಲು ಹೊರಟರೆ ಬೇಡ ಅನ್ನಿ, ಅಂಗಿಯ ಕೊರಳು ಅದಕ್ಕೆ ಸಿಕ್ಕಿದರೆ ಉಸಿರು ಕಟ್ಟುತ್ತದೆ.

ತಳಕ್ಕೆ ಮುಕ್ಕಾಲು ಇಂಚು ದಪ್ಪ, ಮೂರಿಂಚು ಅಗಲದ ಹನ್ನೆರಡು ಹಲಗೆ, ನಡುವೆ ಒಂದೊಂದು ಇಂಚು ಬಿಡುವು. ಪೂರಾ ಮುಚ್ಚಿದ ಪ್ಲೈವುಡ್ ತಳದಲ್ಲಿ ಮೂತ್ರದ ತೇವ ಆರದೆ ಹಾಸಿಗೆಯ ಅಡಿ ಬೂಷ್ಟು ಹಿಡಿಯುತ್ತದೆ. ತಳವನ್ನು ಹೊರುವ ಆಸರೆ ಪಟ್ಟಿಗೆ ಎರಡು ಎತ್ತರದಲ್ಲಿ ತೂತು ಹಾಕಿಸಿ. ಮೊದಲ ನಾಲ್ಕೈದು ತಿಂಗಳು ಮೇಲಿನದು, ಸಿಸೇರಿಯನ್ ಆದವರು ಬಗ್ಗಬೇಕಾಗಿಲ್ಲ. ಮಗು ಕೈಯೂರಿ ಏಳಲು ನೋಡಿದ ದಿನವೇ ಕೆಳಗಿಳಿಸಿ. ಕೆಳಗಿಳಿಸಿದಾಗ ಹಾಸಿಗೆಯ ಮೇಲಿನಿಂದ ಮೇಲಿನ ಪಟ್ಟಿಯವರೆಗೆ 60 ಸೆಂ.ಮೀ. ಸಿಗಬೇಕು.

ಉಪ್ಪುಕಾಗದವನ್ನು 80, 120, 220 ನಂಬರಿನ ಕ್ರಮದಲ್ಲಿ ಉಜ್ಜಿ, ಕೊನೆಗೆ ಹಳೆ ನೈಲಾನ್ ಕಾಲುಚೀಲವನ್ನು ಕೈಗೆ ಹಾಕಿ ಮರದ ಮೇಲೆ ಸವರಿ. ಎಲ್ಲಿ ಸಿಕ್ಕಿತೋ ಅಲ್ಲಿ ಸೀಳಿದೆ. ಪಾಲಿಶ್ ಬೇಕೇ ಬೇಕಾದರೆ ನೀರಿನಲ್ಲಿ ಕಲಸುವಂಥದ್ದು, ಅದೂ ಒಂದು ತಿಂಗಳು ಮೊದಲೇ. ಹಲ್ಲು ಬರುವಾಗ ಮೇಲಿನ ಪಟ್ಟಿಯನ್ನು ಕಚ್ಚದ ಮಗುವಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಎರಡು ತಿಂಗಳಿಗೆ ಕಮಟು ವಾಸನೆ, ಇರುವೆ.

ಹಾಸಿಗೆ

ಹಾಸಿಗೆ ಗಟ್ಟಿಯಾಗಿರಬೇಕು, ಮಟ್ಟಸವಾಗಿರಬೇಕು. ಮೆತ್ತಗಿದ್ದಷ್ಟೂ ಮಗುವಿಗೆ ಹಿತ ಎಂಬುದು ದೊಡ್ಡವರ ಎಣಿಕೆ. ಮೆತ್ತನೆಯದರಲ್ಲಿ ಮುಖ ಹೂತರೆ ಕೂಸಿಗೆ ತಲೆ ತಿರುಗಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಬೂರುಗದ ಹತ್ತಿ ಬೇಡ. ತಿಪಟೂರಿನ ತೆಂಗು ಮನೆಬಾಗಿಲಲ್ಲೇ ಇರುವಾಗ ನಮ್ಮ ಆಯ್ಕೆ ರಬ್ಬರ್ ಸೇರಿಸಿ ಒತ್ತಿದ ತೆಂಗಿನ ನಾರಿನ ಮೂರಿಂಚಿನ ಹಾಸಿಗೆ. ಅಂಗಡಿಯವರು ಅಳತೆಗೆ ಕುಯ್ದು ಕೊಡುತ್ತಾರೆ, ಮೇಲೆ ಹತ್ತಿಯ ಚೀಲ ಹೊಲಿಸಿದರೆ ಸಾಕು. ಹತ್ತಿ ಹಾಸಿಗೆಯೇ ಬೇಕೆಂದರೆ ನಾಲ್ಕಡಿ ಎರಡಡಿಗೆ ನಾಲ್ಕೈದು ಕಿಲೋ ಹತ್ತಿ ತುಂಬಿ, ದೂರದೂರ ಅಲ್ಲ, ನಾಲ್ಕು ನಾಲ್ಕು ಇಂಚಿಗೆ ಟಾಕು ಹಾಕಿಸಿ. ಟಾಕು ದೂರವಾದರೆ ಹತ್ತಿ ಸರಿದು ನಡುವೆ ಹಳ್ಳ ಬೀಳುತ್ತದೆ.

ಮಂಚದ ಅಂಚಿಗೂ ಹಾಸಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಚೀಲದ ಬಟ್ಟೆಯನ್ನು ಹೊಲಿಸುವ ಮೊದಲೇ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ಹಾಸಿಗೆ ಬಿಲ್ಲಿನ ಹಾಗೆ ಬಾಗಿ, ಎರಡು ಬದಿಯಲ್ಲೂ ಸಂದು ಬಿಡುತ್ತದೆ. ರಬ್ಬರ್ ಶೀಟು ಹಾಸಿಗೆಯ ಮೇಲೆ, ಅದರ ಮೇಲೆ ಎರಡು ಪದರ ಹತ್ತಿ ಬಟ್ಟೆ, ಬಿಗಿಯಾಗಿ ಅಡಿಗೆ ಮಡಚಿದ್ದು. ಶೀಟು ನೇರ ಬೆನ್ನಿಗೆ ತಾಗಿದರೆ ಬೆವರುಸಾಲೆ ಗ್ಯಾರಂಟಿ.

ಮಂಚದೊಳಗೆ ಇನ್ನೇನೂ ಇರಬಾರದು. ತಲೆ ದುಂಡಗಾಗಲೆಂದು ರಾಗಿ ದಿಂಬು, ಸಾಸಿವೆ ದಿಂಬು ಹೊಲಿದು ಬಸ್ಸಿನಲ್ಲಿ ಕಳಿಸಿಕೊಡುವ ಅತ್ತೆಯಂದಿರಿದ್ದಾರೆ. ಪ್ರೀತಿಯಿಂದ ತೆಗೆದುಕೊಂಡು ಬೀರುವಿನಲ್ಲಿಡಿ. ಸುತ್ತ ಕಟ್ಟುವ ಮೆತ್ತನೆ ಪಟ್ಟಿ, ಗೊಂಬೆ, ಹೊದಿಕೆಯ ರಾಶಿ ಯಾವುದೂ ಬೇಡ. ಅವ್ವ ಹೊಲಿದ ಕೌದಿ ಬಂದಿದ್ದರೆ ಅದಕ್ಕೆ ಒಳ್ಳೆಯ ಜಾಗವೊಂದಿದೆ: ನೆಲದ ಮೇಲೆ ಹಾಸಿ, ಎಣ್ಣೆ ಹಚ್ಚಲು, ಬಟ್ಟೆ ಬದಲಿಸಲು. ನೆಲದ ಮೇಲಿರುವ ಮಗು ಬೀಳುವುದಿಲ್ಲ. ಮಲಗಿಸುವುದು ಯಾವಾಗಲೂ ಅಂಗಾತ, ಹಗಲಿಗೂ ರಾತ್ರಿಗೂ.

ಜೋಲಿ ಕಟ್ಟುವುದಾದರೆ

ನಾಮಕರಣಕ್ಕೆ ತೊಟ್ಟಿಲು ಬೇಕು, ಅಳುವ ಮಗುವಿಗೆ ಜೋಲಿಯಷ್ಟು ಬೇಗ ನಿದ್ದೆ ತರುವುದು ಇನ್ನೊಂದಿಲ್ಲ. ಆದರೆ ಜೋಲಿಯಲ್ಲಿ ಮೈ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಅದಕ್ಕೇ ಯಾರಾದರೂ ನೋಡುತ್ತ ಕೂತಿರುವ ಹಗಲಿಗೆ ಮಾತ್ರ ಜೋಲಿ, ರಾತ್ರಿಗೆ ಮಂಚ. ಹಿಂದೆ ಜೋಲಿಯ ಪಕ್ಕ ಅಜ್ಜಿ ಇರುತ್ತಿದ್ದರು, ನಿಮ್ಮ ಮನೆಯಲ್ಲಿ ಇಲ್ಲ.

ಹತ್ತಿ ಸೀರೆಯನ್ನೇ ಬಳಸಿ, ರೇಷ್ಮೆ ಹಾಗೂ ಪಾಲಿಯೆಸ್ಟರ್‌ನಲ್ಲಿ ಗಂಟು ಜಾರುತ್ತದೆ. ತಲೆಯ ಮೇಲೆ ಒಂದೂವರೆ ಅಡಿಯಿಂದ ಎರಡಡಿ ಉದ್ದದ ಅಡ್ಡಕೋಲು ಇರಲೇಬೇಕು, ಇಲ್ಲವಾದರೆ ಬಟ್ಟೆ ಎರಡೂ ಕಡೆಯಿಂದ ಮುಚ್ಚಿಕೊಂಡು ಮುಖಕ್ಕೆ ಬೀಳುತ್ತದೆ. ತಳ ನೆಲದಿಂದ ಒಂದೂವರೆ ಅಡಿ ಮೀರದಿರಲಿ, ಅಡಿಗೆ ಕೌದಿ ಹಾಸಿ. ಫ್ಯಾನಿನ ಕೊಕ್ಕೆಗೆ ಕಟ್ಟುವುದಾದರೆ ಫ್ಯಾನು ಬಿಚ್ಚಿ, ಆ ಕೊಕ್ಕೆಗೆ 50 ಕಿಲೋ ಅಕ್ಕಿ ಮೂಟೆ ತೂಗಿಹಾಕಿ ಹಿಡಿಯುತ್ತದೆಯೇ ನೋಡಿ. ಮಗು ನಾಲ್ಕು ಕಿಲೋ ನಿಜ, ತೂಗಿದಾಗ ಬೀಳುವ ಎಳೆತ ಬೇರೆ, ಮೇಲಾಗಿ ಹಗ್ಗ ಹಿಡಿದು ಜೋತಾಡುವ ಅಕ್ಕಪಕ್ಕದ ಹುಡುಗರೂ ಇರುತ್ತಾರೆ. ಸ್ಪ್ರಿಂಗ್ ಹಾಕಿದರೆ ಅದರ ಪಕ್ಕದಲ್ಲೇ ಸ್ವಲ್ಪ ಸಡಿಲವಾಗಿ ಒಂದು ಗಟ್ಟಿ ಹಗ್ಗ ಕಟ್ಟಿ, ಸ್ಪ್ರಿಂಗ್ ಕಡಿದರೆ ಹಗ್ಗ ಹಿಡಿಯುತ್ತದೆ. ಮಗು ಮಗುಚಲು ಕಲಿತ ದಿನ ಜೋಲಿ ಬಿಚ್ಚಿ. ಬಳಸದಿರುವಾಗ ಸೀರೆಯನ್ನು ಮೇಲಕ್ಕೆ ಎತ್ತಿ ಕಟ್ಟಿ, ದೊಡ್ಡ ಮಕ್ಕಳು ಕತ್ತಿಗೆ ಸುತ್ತಿಕೊಂಡು ಆಡುವ ಅಪಾಯವಿದೆ.

ಬಟ್ಟೆ, ನೀರು, ನುಸಿ ಗುಳಿಗೆ

ಹಳೆ ಬಟ್ಟೆಯೇ ಮೊದಲ ಬಟ್ಟೆ ಎಂಬ ಪದ್ಧತಿ ಅರ್ಥವಿಲ್ಲದ್ದಲ್ಲ. ನೂರು ಸಲ ಒಗೆದ ಹತ್ತಿಗಿಂತ ಮೆದುವಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಐದೂವರೆ ಮೀಟರಿನ ಸೀರೆಯನ್ನು ಅಂಚು ತೆಗೆದು ಅಗಲದಲ್ಲಿ ಎರಡಾಗಿ, ಉದ್ದದಲ್ಲಿ ಒಂಬತ್ತಾಗಿ ಕತ್ತರಿಸಿದರೆ 18 ಲಂಗೋಟಿ. ಎಂಟು ಮೊಳದ ಪಂಚೆಯಲ್ಲಿ 12. ಜರಿ ಪೂರಾ ಹೋಗಲಿ. ಅಂಚು ಹೊಲಿಯದಿದ್ದರೆ ಎಳೆ ಬಿಟ್ಟು ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತದೆ, ಸುತ್ತಿಕೊಂಡ ಎಳೆ ರಕ್ತ ನಿಲ್ಲಿಸಿ ಬೆರಳು ಊದಿಸುತ್ತದೆ. ಕಾರಣ ತಿಳಿಯದೆ ಮಗು ಅಳುತ್ತಿದ್ದರೆ ಬೆರಳುಗಳನ್ನು ಬಿಡಿಸಿ ನೋಡುವುದು ಅಭ್ಯಾಸವಾಗಲಿ. ಬೇಸಿಗೆಗೆ 30 ಲಂಗೋಟಿ ಸಾಲುತ್ತವೆ, ಮಳೆಗಾಲಕ್ಕೆ 45 ಬೇಕು. ಮುಂದೆ ಕಟ್ಟುವ ಜಬಲಾ ಎಂಟು, ಕುಲಾವಿ ಎರಡು.

ಇಲ್ಲೊಂದು ಅಪಾಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಊರಿಂದ ಬರುವ ಹಳೆ ಸೀರೆ, ಕಂಬಳಿಗಳು ಟ್ರಂಕಿನಲ್ಲಿ ನುಸಿ ಗುಳಿಗೆಯ ಜೊತೆ ವರ್ಷಗಟ್ಟಲೆ ಇದ್ದವು. ಆ ಬಿಳಿ ಗುಳಿಗೆ ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಕೂಸುಗಳಲ್ಲಿ ಅದರ ಆವಿಯೇ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ಅಪಾಯದ ಮಟ್ಟಕ್ಕೆ ಏರಿಸುತ್ತದೆ. ನಿಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಹುಟ್ಟುವ ಮೊದಲು ತಿಳಿಯುವುದಿಲ್ಲ. ಆದ್ದರಿಂದ ಗುಳಿಗೆ ವಾಸನೆಯ ಬಟ್ಟೆಯನ್ನು ಮಗುವಿಗೆ ಬಳಸಬೇಡಿ, ಅದು ನೆಲ ಒರೆಸಲಿ. "ಗುಳಿಗೆ ಹಾಕದ, ದಿನಾ ಉಡುವ ಸೀರೆಯನ್ನೇ ಕಳಿಸಮ್ಮಾ" ಎಂದು ಮೊದಲೇ ಹೇಳಿಬಿಡಿ. ಕೋಣೆಯ ಬೀರುವಿನಿಂದಲೂ ಗುಳಿಗೆ ಹೊರಗೆ ಹೋಗಲಿ. ಅದರ ಬದಲು ಒಣಗಿದ ಬೇವಿನೆಲೆ ಇಡಿ. ಕರ್ಪೂರ ಬೇಡ, ಅದೂ ಕೂಸಿಗೆ ವಿಷವೇ.

ಬೋರ್‌ವೆಲ್ ನೀರಿನಲ್ಲಿ ಒಗೆದ ಲಂಗೋಟಿ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಗಡಸು ನೀರಿನ ಸುಣ್ಣಕ್ಕೆ ಸೋಪು ಅಂಟಿಕೊಂಡು ಎಳೆಯಲ್ಲೇ ಉಳಿಯುವುದು ಕಾರಣ, ತೊಡೆಸಂದಿ ಕೆಂಪಾಗಲು ಅದೂ ಒಂದು ಕಾರಣ. ಒಗೆಯುವುದು ಬೋರಿನ ನೀರಿನಲ್ಲಾಗಲಿ, ಕೊನೆಯ ಜಾಲಿಸುವಿಕೆ ಮಾತ್ರ ನಲ್ಲಿಯ ಹೇಮಾವತಿ ನೀರಿನಲ್ಲಿ ಆಗಲಿ. ಸೋಪಿನ ಪುಡಿ ಅರ್ಧಕ್ಕಿಳಿಸಿ. ಬಟ್ಟೆ ಮೆದುವಾಗಿಸುವ ಘಮದ ದ್ರವ ಹಾಕಿದರೆ ಲಂಗೋಟಿ ನೀರು ಹೀರುವುದನ್ನೇ ಬಿಡುತ್ತದೆ. ಮಳೆಗಾಲಕ್ಕೆ ಒಣಗಿಸುವ ಹಗ್ಗವನ್ನು ಮಗು ಮಲಗುವ ಕೋಣೆಯಲ್ಲಿ ಕಟ್ಟಬೇಡಿ, ಆ ತೇವವೆಲ್ಲ ಗೋಡೆಗೆ ಹೋಗುತ್ತದೆ. ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕಟ್ಟಿ.

ಹೇಮಾವತಿ ನೀರು ದಿನಾ ಬಾರದ ಬಡಾವಣೆಗಳಲ್ಲಿ ಡ್ರಮ್ಮುಗಳೇ ಸೊಳ್ಳೆಯ ತವರು. ಮುಚ್ಚಳ ಸಾಲದು, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆ ಉಜ್ಜಬೇಕು, ಡೆಂಗ್ಯೂ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಗೋಡೆಗೇ ಅಂಟಿರುತ್ತದೆ. ಆ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹಾಗಾಗಿ ಪರದೆ ಹಗಲಿಗೂ ಬೇಕು. ಚದರ ಇಂಚಿಗೆ 156 ಕಣ್ಣಿನ ಪರದೆ ಕೇಳಿ. ಕೊಡೆಯಂತೆ ಮಡಚುವ ಪುಟ್ಟ ಪರದೆಯಲ್ಲಿ ಬಲೆ ಮಗುವಿನ ಕೈಗೆ ತಾಗುತ್ತದೆ, ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ನಾಲ್ಕು ಮೂಲೆಗೆ ಕಟ್ಟುವ ದೊಡ್ಡ ಪರದೆಯೊಳಗೆ ಅಮ್ಮನ ಮಂಚ, ಮಗುವಿನ ಮಂಚ ಎರಡೂ ಸೇರಲಿ. ಕಾಯಿಲ್ ಹಚ್ಚಬೇಡಿ.

ಬಿಸಿ

ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಇಲ್ಲಿ ಚಳಿ ಚುರುಕು. ಕೋಣೆ 25ರಿಂದ 28 ಡಿಗ್ರಿ ಇದ್ದರೆ ಹುಟ್ಟಿದ ಕೂಸಿಗೆ ಹಿತ. ಗೋಡೆಗೆ ತೂಗುಹಾಕುವ ಸಾಮಾನ್ಯ ಥರ್ಮಾಮೀಟರ್ ಒಂದಿರಲಿ. ಅದಕ್ಕಿಂತ ನಂಬಿಕೆಯದು ನಿಮ್ಮ ಕೈಯ ಹಿಂಭಾಗ. ಹೊಟ್ಟೆ, ಅಂಗಾಲು ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಇನ್ನೊಂದು ಪದರ ಬಟ್ಟೆ. ಎರಡೂ ತಣ್ಣಗಿದ್ದರೆ ಬಟ್ಟೆ ಬಿಚ್ಚಿ ಅಮ್ಮನ ಅಥವಾ ಅಪ್ಪನ ಬರಿ ಎದೆಗೆ ಅವಚಿ, ಮೇಲೆ ಕಂಬಳಿ ಹೊದ್ದು, ಆಸ್ಪತ್ರೆಗೆ ಹೊರಡಿ.

ಬಾಣಂತಿಯ ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಊರಿನ ಹೆಂಚಿನ ಮನೆಯಲ್ಲಿ ಹೇಗೋ ನಡೆಯುತ್ತಿತ್ತು, ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ತಾರಸಿ ಮನೆಯ ಮುಚ್ಚಿದ ಕೋಣೆಯಲ್ಲಿ ಅದೇ ಕೆಂಡ ಕಾರ್ಬನ್ ಮಾನಾಕ್ಸೈಡ್ ತುಂಬಿಸುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಸಾಂಬ್ರಾಣಿ ಹೊಗೆಯೂ ಎಳೆ ಶ್ವಾಸಕೋಶಕ್ಕೆ ಆಗದು. ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇದ್ದರೆ ಅದೂ ಇದೇ ಅನಿಲವನ್ನು ಬಿಡುತ್ತದೆ. ನೀರನ್ನು ಬಕೆಟ್ಟಿಗೆ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಮಗುವನ್ನು ಒಳಗೆ ಕರೆದೊಯ್ಯಿರಿ. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಹೊಕ್ಕುಳ ಬಳ್ಳಿ ಬಿದ್ದು ಒಣಗುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಬಳ್ಳಿಗೆ ಎಣ್ಣೆ, ಬೂದಿ, ಅರಿಸಿನ ಏನೂ ಬೇಡ.

ಕೈಗೆಟಕುವ ಅಳತೆ

ಅಮ್ಮನ ಮಂಚ ನೆಲದಿಂದ 18ರಿಂದ 20 ಇಂಚು ಎತ್ತರ ಇರಲಿ. ನೆಲದ ಹಾಸಿಗೆಯಿಂದ ಏಳುವಾಗ ಸಿಸೇರಿಯನ್ ಹೊಲಿಗೆ ಎಳೆಯುವ ನೋವು ಅನುಭವಿಸಿದವರಿಗೇ ಗೊತ್ತು. ಹಾಲೂಡಿಸಲು ತೋಳಿರುವ ದುಬಾರಿ ಕುರ್ಚಿ ಬೇಕಿಲ್ಲ. ಗೋಡೆಗೊರಗಿ ಬೆನ್ನಿಗೊಂದು, ಮಡಿಲಿಗೊಂದು ಗಟ್ಟಿ ದಿಂಬು ಇಟ್ಟುಕೊಂಡರೆ ಆಯಿತು. ಮಗು ಎದೆಯ ಮಟ್ಟಕ್ಕೆ ಬರಬೇಕೇ ಹೊರತು ಅಮ್ಮ ಮಗುವಿನ ಮಟ್ಟಕ್ಕೆ ಬಗ್ಗಬಾರದು, ಬಗ್ಗಿದರೆ ವಾರದಲ್ಲಿ ಕತ್ತುನೋವು ಶುರು.

ಬಲಗೈ ಚಾಚಿದರೆ ಸಿಗುವ ಎರಡಡಿಯೊಳಗೆ ಒಂದು ಬಿದಿರಿನ ಬುಟ್ಟಿ: ಲಂಗೋಟಿ ಹತ್ತು, ಜಬಲಾ ಎರಡು, ಒರೆಸುವ ಬಟ್ಟೆ ಆರು, ಫ್ಲಾಸ್ಕಿನಲ್ಲಿ ಬೆಚ್ಚನೆ ನೀರು, ಒಂದು ಬಟ್ಟಲು. ಕಾಲ ಬುಡದಲ್ಲಿ ಮುಚ್ಚಳದ ಬಕೆಟ್, ಒದ್ದೆ ಬಟ್ಟೆಗೆ. ದೀಪ ತಲೆಯ ಮೇಲಿನದಲ್ಲ, ಮಂಚದ ಹಿಂದೆ ನೆಲಕ್ಕೆ ಹತ್ತಿರ, ಅರ್ಧ ವ್ಯಾಟಿನ ಕೆಂಪು ಅಥವಾ ತಿಳಿಯಾದ ಬಲ್ಬು. ಕರೆಂಟು ಹೋದಾಗ ತಾನೇ ಹತ್ತಿಕೊಳ್ಳುವ ಚಾರ್ಜಿನ ಬಲ್ಬೊಂದು ಬಚ್ಚಲ ದಾರಿಯಲ್ಲಿರಲಿ. ಮೊಂಬತ್ತಿ ಪರದೆಯ ಹತ್ತಿರ ಬೇಡವೇ ಬೇಡ.

ಬೀರುವಿನ ಬಾಗಿಲಿಗೆ ದಪ್ಪ ಅಕ್ಷರದ ಒಂದು ಹಾಳೆ ಅಂಟಿಸಿ: ಆಂಬುಲೆನ್ಸ್ 108, ಆರೋಗ್ಯ ಸಹಾಯವಾಣಿ 104, ಡಾಕ್ಟರು, ನಂಬುವ ಆಟೋದವರು, ಎದುರುಮನೆ ಆಂಟಿ. ಅದರ ಕೆಳಗೆ 3, 7, 14, 21, 28, 42 ಎಂದು ಬರೆಯಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ಮಗುವಿನ ತೂಕ, ಮೈಬಿಸಿ ನೋಡಬೇಕಾದ ದಿನಗಳಿವು. ನಿಮ್ಮ ಬಡಾವಣೆಗೆ ಬರುವವರು ಯಾರೆಂದು ಎಂಟನೇ ತಿಂಗಳಲ್ಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಾಯಿ ಕಾರ್ಡು, ಮಗುವಿನ ಲಸಿಕೆ ಚೀಟಿ ಅದೇ ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಚೀಲದಲ್ಲಿರಲಿ. ಊರಿಂದ ಅಮ್ಮ ಹತ್ತು ದಿನಕ್ಕೆ, ಅತ್ತೆ ಹತ್ತು ದಿನಕ್ಕೆ ಬರುವುದಾದರೆ ಇಬ್ಬರನ್ನೂ ಒಟ್ಟಿಗೆ ಕರೆಸಿಕೊಳ್ಳಬೇಡಿ. ಒಬ್ಬರ ನಂತರ ಒಬ್ಬರು ಬಂದರೆ ಇಪ್ಪತ್ತು ದಿನ ಆಸರೆ, ಜಾಗದ ಗಲಾಟೆಯೂ ಇಲ್ಲ.

36ನೇ ವಾರದ ಒಂದು ರಾತ್ರಿ ಪರೀಕ್ಷೆ ಮಾಡಿ. ದೊಡ್ಡ ದೀಪ ಆರಿಸಿ, ಪರದೆ ಇಳಿಸಿ, ಅಮ್ಮನಾಗುವವರು ಮಂಚದ ಮೇಲೆ ಕೂತು ಎಡತೋಳಿನಲ್ಲಿ ಮೂರು ಕಿಲೋ ರಾಗಿ ಚೀಲ ಹಿಡಿದುಕೊಳ್ಳಲಿ. ಬಲಗೈ ಒಂದರಲ್ಲೇ ಲಂಗೋಟಿ ತೆಗೆದು, ಬಟ್ಟೆ ನೆನೆಸಿ, ಒದ್ದೆಯದನ್ನು ಬಕೆಟ್ಟಿಗೆ ಹಾಕಿ ನೋಡಲಿ. ಏಳಬೇಕಾಗಿ ಬಂದ ಪ್ರತಿ ವಸ್ತುವೂ ಮರುದಿನ ಬೆಳಿಗ್ಗೆ ಜಾಗ ಬದಲಿಸಬೇಕು. ಮಗುವಿನದೆಲ್ಲ ಹೆಚ್ಚುಕಮ್ಮಿ ಸಿಗುತ್ತದೆ. ಮರೆತುಹೋಗುವುದು ಅಮ್ಮನಿಗೆ ಕುಡಿಯುವ ನೀರಿನ ಚೊಂಬು.